ನಡುರಾತ್ರಿಯ ಚೀರಾಟಕ್ಕೆ ಮುಸ್ಸಂಜೆಯಲ್ಲಿ ಮದ್ದು

ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಒಂದಿದೆ. ಅದರ ವರ್ಷ ಮುಗಿದು ಎಷ್ಟೋ ಕಾಲವಾದರೂ ನಾನದನ್ನು ರದ್ದಿಗೆ ಹಾಕಿಲ್ಲ. ಒಂದು ತಿಂಗಳ ಚೌಕಗಳಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಅವುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಕೆಲವು ಅಂಕಿಗಳು: 11.35, 11.50, 11.40. ಆಗ ನನ್ನ ಮಗನಿಗೆ ಎರಡೂವರೆ ವರ್ಷ. ಅವನು ನಿದ್ದೆಯಲ್ಲಿ ಕಿಟಾರನೆ ಚೀರಿ ಎದ್ದು ಕೂತ ಹೊತ್ತುಗಳು ಅವು.

ಮೊದಲ ರಾತ್ರಿ ಚೇಳು ಕುಟುಕಿತೆಂದೇ ತಿಳಿದು ದೀಪ ಹಾಕಿ ಹಾಸಿಗೆ ಕೊಡವಿದೆವು. ಮಗುವಿನ ಕಣ್ಣು ಅಗಲವಾಗಿ ತೆರೆದಿತ್ತು, ಆದರೆ ಆ ನೋಟ ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎದೆ ಗುಬ್ಬಚ್ಚಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಎತ್ತಿಕೊಳ್ಳಲು ಹೋದರೆ ಒದ್ದ. ‘ಅಮ್ಮಾ’ ಎಂದು ಕೂಗುತ್ತಲೇ ಅಮ್ಮನನ್ನು ದೂಡಿದ. ಹೆಸರು ಹಿಡಿದು ಕರೆದಷ್ಟೂ, ಭುಜ ಅಲುಗಿಸಿದಷ್ಟೂ ಚೀರಾಟ ಏರಿತು. ಹತ್ತು ಹನ್ನೆರಡು ನಿಮಿಷ ಹೀಗೆ ಕಳೆದ ಮೇಲೆ ಯಾರೋ ಸ್ವಿಚ್ ಆರಿಸಿದಂತೆ ಸುಮ್ಮನಾಗಿ, ಮಗ್ಗುಲು ಬದಲಿಸಿ ಮಲಗಿಬಿಟ್ಟ. ಬೆಳಿಗ್ಗೆ ಎದ್ದವನು ದೋಸೆ ಕೇಳಿದ. ರಾತ್ರಿಯ ಒಂದು ಎಳೆಯೂ ಅವನ ನೆನಪಿನಲ್ಲಿರಲಿಲ್ಲ. ಮನೆಮಂದಿಯಲ್ಲಿ ಆ ರಾತ್ರಿ ಮತ್ತೆ ಕಣ್ಣು ಮುಚ್ಚಿದವನು ಅವನೊಬ್ಬನೇ.

ಮೂರನೆಯ ರಾತ್ರಿಯ ಹೊತ್ತಿಗೆ ತೀರ್ಪುಗಳು ಬಂದವು. ಕೂಸು ಬೆಚ್ಚಿದೆ ಎಂದರು ಒಬ್ಬರು. ಗಾಳಿ ಸೋಕಿದೆ ಎಂದರು ಇನ್ನೊಬ್ಬರು. ಮುಸ್ಸಂಜೆಯಲ್ಲಿ ಮಗುವನ್ನು ಎಲ್ಲಿಗೆ ಕರೆದೊಯ್ದಿದ್ದೆ, ಹುಣಸೆಮರದ ದಾರಿಯಲ್ಲಿ ಬಂದೆಯಾ ಎಂಬ ಪ್ರಶ್ನೆ ನೇರ ನನಗೇ ಬಂತು. ಮಗು ಚೀರಿದರೆ ತಪ್ಪಿತಸ್ಥಳನ್ನು ಹುಡುಕುವುದು, ಆ ಹುಡುಕಾಟ ತಾಯಿಯ ಬಳಿ ಬಂದು ನಿಲ್ಲುವುದು ನಮ್ಮಲ್ಲಿ ಹೊಸದೇನಲ್ಲ.

ಕೊನೆಗೆ ಮಕ್ಕಳ ವೈದ್ಯರ ಬಳಿ ಹೋದಾಗ ಅವರು ಸ್ಟೆತಾಸ್ಕೋಪ್ ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿದರು. ಮಲಗಿ ಎಷ್ಟು ಹೊತ್ತಿಗೆ ಚೀರುತ್ತಾನೆ? ಬೆಳಿಗ್ಗೆ ಅವನಿಗೆ ನೆನಪಿರುತ್ತದೆಯೇ? ಗೊರಕೆ ಹೊಡೆಯುತ್ತಾನೆಯೇ? ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರ ಬರೆದಿಟ್ಟುಕೊಂಡು ಬನ್ನಿ ಎಂದರು. ಕ್ಯಾಲೆಂಡರಿನ ಅಂಕಿಗಳು ಹುಟ್ಟಿದ್ದು ಹಾಗೆ. ನಮ್ಮ ಮನೆಗೆ ನಿದ್ದೆ ಮರಳಿ ಬಂದದ್ದೂ ಆ ಅಂಕಿಗಳಿಂದಲೇ.

ಇದು ಕೆಟ್ಟ ಕನಸಲ್ಲ

ನಿದ್ದೆಯಲ್ಲಿ ಮಾತಾಡುವುದಕ್ಕೆ ಕನ್ನಡದಲ್ಲಿ ಕನವರಿಕೆ ಎನ್ನುತ್ತೇವೆ. ಕೆಟ್ಟ ಕನಸಿಗೆ ದುಃಸ್ವಪ್ನ ಎಂಬ ಮಾತಿದೆ. ನಾನು ಕಂಡದ್ದು ಇವೆರಡೂ ಅಲ್ಲ. ವೈದ್ಯರು ಇದನ್ನು ನೈಟ್ ಟೆರರ್ ಅಥವಾ ಸ್ಲೀಪ್ ಟೆರರ್ ಎನ್ನುತ್ತಾರೆ. ‘ನಿದ್ರಾಭೀತಿ’ ಎಂದು ಕರೆಯೋಣ. ದುಃಸ್ವಪ್ನಕ್ಕೂ ನಿದ್ರಾಭೀತಿಗೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಕೆಟ್ಟ ಕನಸು ಬೀಳುವುದು ಹೆಚ್ಚಾಗಿ ರಾತ್ರಿಯ ಎರಡನೆಯ ಅರ್ಧದಲ್ಲಿ, ಬೆಳಗಿನ ಜಾವದ ಕಡೆಗೆ. ಮಗು ಪೂರ್ತಿ ಎಚ್ಚರಗೊಂಡು ಅಳುತ್ತದೆ, ಅಮ್ಮನನ್ನು ಗುರುತಿಸಿ ಬಿಗಿಯಾಗಿ ತಬ್ಬಿಕೊಳ್ಳುತ್ತದೆ, ಮಾತು ಬರುವ ವಯಸ್ಸಾದರೆ ನಾಯಿ ಬಂತು ಎಂದೋ ಬಿದ್ದೆ ಎಂದೋ ಹೇಳುತ್ತದೆ, ಮತ್ತೆ ಮಲಗಲು ಹೆದರುತ್ತದೆ. ನಿದ್ರಾಭೀತಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ, ಸಾಮಾನ್ಯವಾಗಿ ಮಲಗಿದ ಒಂದರಿಂದ ಮೂರು ಗಂಟೆಯೊಳಗೆ. ಕಣ್ಣು ತೆರೆದಿದ್ದರೂ ಮಗು ಎಚ್ಚರವಾಗಿರುವುದಿಲ್ಲ. ಹತ್ತಿರ ಬಂದವರನ್ನು ಗುರುತಿಸದೆ ತಳ್ಳುತ್ತದೆ. ಕೆಲವು ನಿಮಿಷಗಳಲ್ಲಿ, ಅಪರೂಪಕ್ಕೆ ಅರ್ಧ ಗಂಟೆಯಲ್ಲಿ, ತಾನಾಗಿಯೇ ಶಾಂತವಾಗಿ ಮಲಗುತ್ತದೆ. ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ದುಃಸ್ವಪ್ನದಲ್ಲಿ ನೋಯುವುದು ಮಗು, ನಿದ್ರಾಭೀತಿಯಲ್ಲಿ ನೋಯುವುದು ನೋಡುವವರು.

ಈ ವ್ಯತ್ಯಾಸ ವಿಜ್ಞಾನಕ್ಕೂ ಒಮ್ಮೆಲೇ ಹೊಳೆದದ್ದಲ್ಲ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಆಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ತಲೆಗೆ ತಂತಿಗಳನ್ನು ಅಂಟಿಸಿ, ಅವನು ಮಲಗಿದಾಗ ಕಣ್ಣುಗುಡ್ಡೆ ಹೇಗೆ ಚಲಿಸುತ್ತದೆಂದು ರಾತ್ರಿಯೆಲ್ಲ ದಾಖಲಿಸುತ್ತಿದ್ದ. ಅವನೂ ಅವನ ಗುರು ನೇಥನಿಯಲ್ ಕ್ಲೈಟ್‌ಮನ್ ಅವರೂ 1953ರಲ್ಲಿ ಕನಸಿನ ನಿದ್ದೆಯನ್ನು, ಅಂದರೆ ಕಣ್ಣು ವೇಗವಾಗಿ ಹೊರಳುವ ರೆಮ್ ನಿದ್ದೆಯನ್ನು, ಜಗತ್ತಿಗೆ ತೋರಿಸಿದರು. ಅಲ್ಲಿಂದ ಮುಂದೆ ರಾತ್ರಿ ನಡೆಯುವ ವಿಚಿತ್ರಗಳೆಲ್ಲ ಕನಸಿನ ಫಲವೇ ಇರಬೇಕೆಂಬ ಊಹೆ ಬಲವಾಯಿತು. 1968ರಲ್ಲಿ ರೋಜರ್ ಬ್ರಾಟನ್ ಎಂಬ ವೈದ್ಯ ಈ ಊಹೆಯನ್ನು ತಲೆಕೆಳಗು ಮಾಡಿದರು. ನಿದ್ದೆಯಲ್ಲಿ ನಡೆಯುವುದು, ನಿದ್ರಾಭೀತಿ ಮುಂತಾದವು ಹುಟ್ಟುವುದು ಕನಸಿನ ನಿದ್ದೆಯಲ್ಲಲ್ಲ, ಕನಸಿಲ್ಲದ ಗಾಢ ನಿದ್ದೆಯಿಂದ ಅರೆಬರೆ ಎಚ್ಚರಗೊಳ್ಳುವಾಗ ಎಂದು ಅವರು ತೋರಿಸಿದರು. ಇಂದಿಗೂ ವೈದ್ಯಶಾಸ್ತ್ರ ಇದನ್ನು ‘ಎಚ್ಚರಗೊಳ್ಳುವಿಕೆಯ ತೊಡಕು’ ಎಂದೇ ವರ್ಗೀಕರಿಸುತ್ತದೆ.

ಬಾವಿಯ ನಡುವೆ ಸಿಕ್ಕಿಕೊಂಡ ಕೊಡ

ಎಳೆಯ ಮಕ್ಕಳ ನಿದ್ದೆ ಆಳವಾದ ಬಾವಿಯ ಹಾಗೆ. ಮಲಗಿದ ಸ್ವಲ್ಪ ಹೊತ್ತಿಗೆ ಮಗು ತಳ ಮುಟ್ಟುತ್ತದೆ. ಬೆಳವಣಿಗೆಯ ಹಾರ್ಮೋನ್ ಧಾರಾಳವಾಗಿ ಸ್ರವಿಸುವುದು ಈ ಗಾಢ ನಿದ್ದೆಯಲ್ಲಿಯೇ. ಜೀವನದ ಬೇರಾವ ಕಾಲದಲ್ಲೂ ನಿದ್ದೆ ಇಷ್ಟು ಆಳವಿರುವುದಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ಮಿಕ್ಸಿ ತಿರುಗಿದರೂ ಮಗು ಕದಲುವುದಿಲ್ಲ. ಆದರೆ ನಿದ್ದೆ ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ. ದೊಡ್ಡವರಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ, ಪುಟ್ಟ ಮಕ್ಕಳಲ್ಲಿ ಅದಕ್ಕಿಂತ ಬೇಗ ಬೇಗ, ಕೊಡ ಮೇಲಕ್ಕೆ ಬಂದು ಮತ್ತೆ ಇಳಿಯುತ್ತದೆ.

ಹಾಗೆ ಮೇಲೆ ಬರುವಾಗ ರಾಟೆ ಕೆಲವೊಮ್ಮೆ ನಡುವೆ ಸಿಕ್ಕಿಕೊಳ್ಳುತ್ತದೆ. ಮಿದುಳಿನ ಒಂದು ಭಾಗ ಎಚ್ಚರವಾಗುತ್ತದೆ, ಇನ್ನೊಂದು ಮಲಗಿಯೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವೈದ್ಯರು ನಿದ್ದೆಯಲ್ಲಿ ನಡೆಯುವ 16 ವರ್ಷದ ಹುಡುಗನೊಬ್ಬನ ಮಿದುಳಿನ ರಕ್ತಸಂಚಾರವನ್ನು ಅವನು ಎದ್ದು ನಡೆದ ಕ್ಷಣದಲ್ಲಿಯೇ ಸೆರೆಹಿಡಿದು 2000ದಲ್ಲಿ ಪ್ರಕಟಿಸಿದರು. ಭಾವನೆಗೆ, ಚಲನೆಗೆ ಸಂಬಂಧಿಸಿದ ಒಳಭಾಗಗಳಲ್ಲಿ ರಕ್ತಸಂಚಾರ ಏರಿತ್ತು. ಯೋಚಿಸುವ, ಗುರುತಿಸುವ, ನೆನಪಿಟ್ಟುಕೊಳ್ಳುವ ಕೆಲಸದಲ್ಲಿ ಪಾಲಿರುವ ಹೊರಪದರದ ಭಾಗಗಳು ನಿದ್ದೆಯಲ್ಲೇ ಇದ್ದವು. ನಿದ್ದೆನಡಿಗೆ, ನಿದ್ರಾಭೀತಿ ಎರಡೂ ಒಂದೇ ಬಳ್ಳಿಯ ಕಾಯಿಗಳು. ಮಗು ಚೀರುತ್ತದೆ, ಓಡಲು ನೋಡುತ್ತದೆ, ಆದರೆ ಅಮ್ಮನ ಮುಖ ಅದಕ್ಕೆ ಗುರುತಾಗುವುದಿಲ್ಲ. ಏನಾಯಿತೆಂದು ಬರೆದಿಟ್ಟುಕೊಳ್ಳಬೇಕಾದ ಗುಮಾಸ್ತನೇ ಮಲಗಿರುವಾಗ ಬೆಳಿಗ್ಗೆ ನೆನಪು ಎಲ್ಲಿಂದ ಬರಬೇಕು?

ಇದು ಎಷ್ಟು ಸಾಮಾನ್ಯ? ಕೆನಡಾದ ಕ್ಯುಬೆಕ್ ಪ್ರಾಂತ್ಯದಲ್ಲಿ 1997-98ರಲ್ಲಿ ಹುಟ್ಟಿದ 1,940 ಮಕ್ಕಳನ್ನು ಹದಿಮೂರರ ವಯಸ್ಸಿನವರೆಗೆ ಅನುಸರಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ಮಕ್ಕಳಲ್ಲಿ ಶೇ 34ರಷ್ಟು, ಅಂದರೆ ಮೂವರಲ್ಲಿ ಒಬ್ಬರಿಗೆ, ನಿದ್ರಾಭೀತಿ ಬಂದಿತ್ತೆಂದು ತಂದೆತಾಯಿ ಹೇಳಿದ್ದರು. ಐದನೆಯ ವಯಸ್ಸಿಗೆ ಅದು ಶೇ 13ಕ್ಕೆ, ಹದಿಮೂರಕ್ಕೆ ಶೇ 5ಕ್ಕೆ ಇಳಿಯಿತು. ನಿಮ್ಮ ಬೀದಿಯಲ್ಲಿ ಹತ್ತು ಪುಟ್ಟ ಮಕ್ಕಳಿದ್ದರೆ ಎರಡು ಮೂರು ಮನೆಗಳಲ್ಲಿ ಇದೇ ನಡೆದಿರಬಹುದು. ಯಾರೂ ಬಾಯಿಬಿಟ್ಟು ಹೇಳಿಕೊಂಡಿಲ್ಲ, ಅಷ್ಟೇ.

ಇದು ವಂಶದಲ್ಲಿ ಹರಿದುಬರುವ ಗುಣವೂ ಹೌದು. ಅದೇ ಅಧ್ಯಯನದಲ್ಲಿ ತಂದೆತಾಯಿ ಇಬ್ಬರಿಗೂ ನಿದ್ದೆನಡಿಗೆ ಇಲ್ಲದ ಮಕ್ಕಳಲ್ಲಿ ಶೇ 22.5ರಷ್ಟು ಮಂದಿ ನಿದ್ದೆಯಲ್ಲಿ ನಡೆದಿದ್ದರೆ, ಒಬ್ಬರಿಗೆ ಇದ್ದಾಗ ಅದು ಶೇ 47.4, ಇಬ್ಬರಿಗೂ ಇದ್ದಾಗ ಶೇ 61.5. ಚಿಕ್ಕಂದಿನಲ್ಲಿ ನಿದ್ರಾಭೀತಿ ಇದ್ದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಮುಂದೆ ನಿದ್ದೆಯಲ್ಲಿ ನಡೆದರು. ನಮ್ಮ ಮನೆಯಲ್ಲೂ ಕೆದಕಿದಾಗ ಹೊರಬಿತ್ತು: ಮಗುವಿನ ಅಪ್ಪ ಚಿಕ್ಕವನಿದ್ದಾಗ ನಡುರಾತ್ರಿ ಎದ್ದು ಹೋಗಿ ಜಗಲಿಯ ಮೇಲೆ ಕೂತಿರುತ್ತಿದ್ದನಂತೆ. ಹುಣಸೆಮರ ಅಲ್ಲಿಗೆ ತಪ್ಪಿತಸ್ಥರ ಪಟ್ಟಿಯಿಂದ ಇಳಿಯಿತು.

ಕ್ಯಾಲೆಂಡರ್ ಹೇಳಿದ್ದೇನು?

ಎರಡು ವಾರದ ಲೆಕ್ಕದಲ್ಲಿ ಮಗ ಐದು ರಾತ್ರಿ ಚೀರಿದ್ದ. ಅವನು ಮಲಗುತ್ತಿದ್ದುದು ಹತ್ತೂಕಾಲರ ಸುಮಾರಿಗೆ. ಚೀರಾಟವೆಲ್ಲ ಅದರಿಂದ ಒಂದೂಕಾಲು, ಒಂದೂವರೆ ಗಂಟೆಯ ಆಚೆ. ಆ ಐದೂ ದಿನ ಅವನು ಮಧ್ಯಾಹ್ನ ಮಲಗಿರಲಿಲ್ಲ. ಆಗಷ್ಟೇ ಪ್ಲೇಹೋಮಿಗೆ ಸೇರಿಸಿದ್ದೆವು, ಅಲ್ಲಿ ಮಲಗಿಸುವ ರೂಢಿ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ನಾವೇ ಎಬ್ಬಿಸುತ್ತಿದ್ದೆವು. ಲೆಕ್ಕ ಹಾಕಿದರೆ ಅಂಥ ದಿನಗಳಲ್ಲಿ ಅವನಿಗೆ ಸಿಗುತ್ತಿದ್ದ ನಿದ್ದೆ ಒಂಬತ್ತು ಗಂಟೆಗೂ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಇದರಲ್ಲಿ ಹಗಲು ನಿದ್ದೆಯೂ ಸೇರಿದೆ. ನನ್ನ ಮಗ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಸಾಲ ಮಾಡಿಕೊಳ್ಳುತ್ತಿದ್ದ. ನಿದ್ದೆಯ ಸಾಲವನ್ನು ದೇಹ ಬಡ್ಡಿ ಸಮೇತ ತೀರಿಸಿಕೊಳ್ಳುತ್ತದೆ. ನಿದ್ದೆಗೆಟ್ಟ ಮಗು ಮಲಗಿದೊಡನೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆಳ ಹೆಚ್ಚಿದಷ್ಟೂ ಮೇಲೆ ಬರುವ ದಾರಿ ಕಷ್ಟ, ರಾಟೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ನಿದ್ರಾಭೀತಿಯ ಬೀಜ ವಂಶದಲ್ಲಿರಬಹುದು, ಅದಕ್ಕೆ ನೀರೆರೆಯುವುದು ಮುಖ್ಯವಾಗಿ ನಿದ್ದೆಗೇಡು.

ನಮ್ಮ ಮನೆಗಳಲ್ಲಿ ಈ ನಿದ್ದೆಗೇಡು ಎಲ್ಲಿಂದ ಬರುತ್ತದೆಂದು ಕಣ್ಣುಬಿಟ್ಟು ನೋಡಬೇಕು. ಬೆಂಗಳೂರಿನಂಥ ಊರಿನಲ್ಲಿ ಅಪ್ಪ ಅಮ್ಮ ಟ್ರಾಫಿಕ್ ದಾಟಿ ಮನೆ ಸೇರುವುದೇ ರಾತ್ರಿ ಎಂಟೂವರೆ, ಒಂಬತ್ತಕ್ಕೆ. ದಿನವಿಡೀ ಕಾಣದ ಮಗುವಿನೊಂದಿಗೆ ಆಡುವ ಆಸೆ ಅವರಿಗೂ ಇರುತ್ತದೆ, ಮಗುವಿಗೂ ಇರುತ್ತದೆ. ಹಳ್ಳಿಯಲ್ಲಾಗಲಿ ಪಟ್ಟಣದಲ್ಲಾಗಲಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ಧಾರಾವಾಹಿ ಮುಗಿಯುವ ತನಕ ದೀಪ ಆರುವುದಿಲ್ಲ. ದೊಡ್ಡವರು ಮಲಗುವ ಹೊತ್ತೇ ಕೂಸು ಮಲಗುವ ಹೊತ್ತಾಗುತ್ತದೆ. ಮದುವೆಯ ಹಿಂದಿನ ರಾತ್ರಿ, ಜಾತ್ರೆ, ಬೆಳಗಿನವರೆಗಿನ ಯಕ್ಷಗಾನ, ರಾತ್ರಿ ಬಸ್ಸಿನ ಪ್ರಯಾಣ, ದೀಪಾವಳಿಯ ಪಟಾಕಿ ಎಲ್ಲದರಲ್ಲೂ ಮಗು ನಮ್ಮ ಹೆಗಲ ಮೇಲೆ ಇರುತ್ತದೆ. ಅಮೆರಿಕದಿಂದ ರಜೆಗೆ ಬಂದ ಮೊಮ್ಮಗು ಅಜ್ಜಿಯ ಮನೆಯ ಮೊದಲ ವಾರದಲ್ಲಿ ಬೆಚ್ಚಿ ಚೀರಿದರೆ ಊರಿನ ದೃಷ್ಟಿಯನ್ನು ಬೈಯುವ ಮೊದಲು ಅದರ ಗಡಿಯಾರ ಹಗಲು ರಾತ್ರಿ ಅದಲುಬದಲಾಗಿರುವುದನ್ನು ನೆನೆಯಬೇಕು.

ನಿದ್ದೆಗೇಡಿನ ಜೊತೆ ಇನ್ನೂ ಕೆಲವು ಕಿಡಿಗಳಿವೆ: ಜ್ವರ, ತುಂಬಿದ ಮೂತ್ರಕೋಶ, ಹೊಸ ಜಾಗ, ಮಲಗಿದ ಮೇಲೆ ಆಗುವ ಸದ್ದು, ಹೊಸ ತಮ್ಮನೋ ತಂಗಿಯೋ ಬಂದಂಥ ಮನೆಯ ದೊಡ್ಡ ಬದಲಾವಣೆ, ಕೆಲವು ಔಷಧಗಳು. ಜ್ವರ ಬಂದ ರಾತ್ರಿ ಮಾತ್ರ ಚೀರಿದ ಮಗು ಜ್ವರ ಇಳಿದ ಮೇಲೆ ಸರಿಹೋದರೆ ಅಲ್ಲಿಗೆ ಕಾರಣ ಸಿಕ್ಕಿದಂತೆ.

ಚೀರುವ ಹೊತ್ತಿನಲ್ಲಿ

ಮಗು ಚೀರುತ್ತಿರುವಾಗ ಅದನ್ನು ಎಬ್ಬಿಸಬೇಡಿ. ಹೆತ್ತವರಿಗೆ ಇದಕ್ಕಿಂತ ಕಠಿಣವಾದ ಸಲಹೆ ಇರಲಾರದು, ಆದರೂ ಮೊದಲ ನಿಯಮ ಇದೇ. ಅಲುಗಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಕೆನ್ನೆ ತಟ್ಟುವುದು, ಬಿಗಿಯಾಗಿ ಹಿಡಿದು ಎತ್ತಿಕೊಂಡು ಓಡಾಡುವುದು ಚೀರಾಟವನ್ನು ಹೆಚ್ಚಿಸುತ್ತವೆ, ಉದ್ದ ಮಾಡುತ್ತವೆ. ಅರೆ ಎಚ್ಚರದ ಮಗುವಿಗೆ ನಿಮ್ಮ ಅಪ್ಪುಗೆ ಅಪ್ಪುಗೆಯಾಗಿ ತಿಳಿಯುವುದಿಲ್ಲ, ಯಾರೋ ಹಿಡಿದಂತೆ ಅನ್ನಿಸಬಹುದು. ಕೊಡವನ್ನು ಬಲವಂತವಾಗಿ ಮೇಲೆಳೆಯಬೇಡಿ. ಅದು ಮತ್ತೆ ತಳಕ್ಕೆ ಇಳಿಯಲಿ.

ಹಾಗಾದರೆ ಮಾಡುವುದೇನು? ದೊಡ್ಡ ದೀಪ ಹಾಕದೆ ಪಕ್ಕದಲ್ಲಿ ಕೂತಿರಿ. ಬೀಳದಂತೆ, ಗೋಡೆಗೆ ತಲೆ ಬಡಿಯದಂತೆ ಕೈ ಅಡ್ಡ ಇಡಿ, ದಿಂಬು ಇಡಿ. ಮಗು ದೂಡದಿದ್ದರೆ ಮಾತ್ರ ಬೆನ್ನು ನೀವಿ. ಏನಾದರೂ ಹೇಳಲೇಬೇಕೆನಿಸಿದರೆ ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿ. ಪ್ರಶ್ನೆ ಕೇಳಬೇಡಿ. ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ಸೇರದಿರಲಿ. ಗಡಿಯಾರ ನೋಡಿ, ಹೊತ್ತು ಬರೆದಿಟ್ಟುಕೊಳ್ಳಿ. ಹೀಗೆ ಸುಮ್ಮನೆ ಕೂತಿರುವುದು ಕೈಕಟ್ಟಿ ಕೂರುವುದಲ್ಲ. ಅದೇ ಆ ಹೊತ್ತಿನ ಆರೈಕೆ. ನನಗೆ ಅದು ರೂಢಿಯಾಗಲು ಮೂರು ನಾಲ್ಕು ರಾತ್ರಿ ಹಿಡಿಯಿತು. ಮೊದಲ ಸಲ ಎತ್ತಿಕೊಳ್ಳದೆ ಕಾದ ರಾತ್ರಿ ಚೀರಾಟ ಐದು ನಿಮಿಷದಲ್ಲಿ ಮುಗಿದಿತ್ತು.

ಮಲಗುವ ಜಾಗವನ್ನು ಹಗಲಿನಲ್ಲೇ ಸಜ್ಜುಗೊಳಿಸಿ. ಇಂಥ ಮಕ್ಕಳಿಗೆ ಎತ್ತರದ ಮಂಚಕ್ಕಿಂತ ನೆಲದ ಹಾಸಿಗೆ ಒಳ್ಳೆಯದು. ಬೆಳೆದ ಮಗುವನ್ನು ಸೀರೆಯ ಜೋಲಿಯಲ್ಲಿ ರಾತ್ರಿ ಮಲಗಿಸಬೇಡಿ. ಚೀರಿ ಎದ್ದು ಹೊರಳಿದರೆ ಬೀಳುತ್ತದೆ, ಸಿಕ್ಕಿಕೊಳ್ಳಲೂಬಹುದು. ಮೆಟ್ಟಿಲು, ಬಾಲ್ಕನಿ, ತಾರಸಿಯ ಬಾಗಿಲಿಗೆ ಚಿಲಕ ಇರಲಿ. ಬೀರುವಿನ ಚೂಪು ಮೂಲೆ, ನೆಲದ ಮೇಲಿಟ್ಟ ಫ್ಯಾನ್, ಬತ್ತಿ ಉರಿಯುವ ದೀಪ ಹಾಸಿಗೆಯಿಂದ ದೂರವಿರಲಿ.

ಬೆಳಿಗ್ಗೆ ಎದ್ದ ಮಗುವಿಗೆ ರಾತ್ರಿ ನೀನು ಹೇಗೆ ಚೀರಿದೆ ಗೊತ್ತಾ ಎಂದು ಕಥೆ ಹೇಳಬೇಡಿ. ಅದಕ್ಕೆ ಇಲ್ಲದ ನೆನಪನ್ನು ನಾವೇ ತುಂಬಿದಂತಾಗುತ್ತದೆ. ಮಲಗದ ಮಗುವಿಗೆ ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾನೆ ಎಂದು ಹೆದರಿಸುವುದನ್ನೂ ನಿಲ್ಲಿಸಿ. ಹಾಸಿಗೆ ಎಂದರೆ ಭಯ ಎಂದು ಕಲಿತ ಮಗು ಇನ್ನೂ ತಡವಾಗಿ ಮಲಗುತ್ತದೆ, ನಿದ್ದೆಯ ಸಾಲ ಇನ್ನೂ ಬೆಳೆಯುತ್ತದೆ.

ಸಂಜೆಯ ಚಿಕಿತ್ಸೆ

ನಿಜವಾದ ಚಿಕಿತ್ಸೆ ಆರಂಭವಾಗುವುದು ಸಂಜೆ. ನಾವು ಮಾಡಿದ್ದು ಇಷ್ಟೇ. ಮಲಗುವ ಹೊತ್ತನ್ನು ಕೆಲವು ದಿನಗಳಿಗೊಮ್ಮೆ ಕಾಲು ಗಂಟೆಯಷ್ಟು ಹಿಂದಕ್ಕೆ ತಂದು ಎಂಟೂವರೆಗೆ ನಿಲ್ಲಿಸಿದೆವು. ಪ್ಲೇಹೋಮಿನಲ್ಲಿ ಮಾತಾಡಿ, ಊಟಕ್ಕೆ ಮೊದಲೇ ಕರೆತಂದು ಮನೆಯಲ್ಲಿ ಒಂದೂವರೆ ಗಂಟೆ ಮಲಗಿಸತೊಡಗಿದೆವು. ಏಳೂವರೆಯ ಮೇಲೆ ಟಿವಿ, ಮೊಬೈಲ್ ಎರಡೂ ಬಂದ್. ಊಟ, ಬೆಚ್ಚಗಿನ ನೀರಿನಲ್ಲಿ ಕೈಕಾಲು ಮುಖ, ಮೂತ್ರ, ಒಂದು ಕಥೆ, ದೀಪ ಸಣ್ಣದು. ಪ್ರತಿದಿನ ಇದೇ ಕ್ರಮ, ಇದೇ ಹೊತ್ತು, ಭಾನುವಾರವೂ. ಹಗಲಿನಲ್ಲಿ ಮಲಗಿಸಲು ಅನುವಿರದ ಮನೆಯವರು ರಾತ್ರಿಯನ್ನು ಇನ್ನಷ್ಟು ಬೇಗ ಆರಂಭಿಸಬಹುದು. ಊಟದ ನಂತರ ಚಾಪೆ ಹಾಸಿ ಮಕ್ಕಳನ್ನು ಮಲಗಿಸುವ ಎಷ್ಟೋ ಅಂಗನವಾಡಿಗಳು ನಮ್ಮಲ್ಲಿವೆ. ಅಕ್ಷರ ಬೇಗ ಕಲಿಸುವ ಆತುರದಲ್ಲಿರುವ ಪ್ಲೇಹೋಮುಗಳು ಈ ಒಂದು ವಿಷಯವನ್ನು ಅವುಗಳಿಂದ ಕಲಿಯಬೇಕು.

ಇಷ್ಟಾದರೂ ಚೀರಾಟ ದಿನವೂ ಒಂದೇ ಹೊತ್ತಿಗೆ ಬರುತ್ತಿದ್ದರೆ ಇನ್ನೊಂದು ದಾರಿಯಿದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಬ್ರಯಾನ್ ಲಾಸ್ಕ್ ಎಂಬ ವೈದ್ಯರು 1988ರಲ್ಲಿ 19 ಮಕ್ಕಳ ಮೇಲೆ ನಡೆಸಿದ ಸಣ್ಣ ಪ್ರಯೋಗವನ್ನು ವರದಿ ಮಾಡಿದರು. ಮಗು ಎಷ್ಟು ಹೊತ್ತಿಗೆ ಚೀರುತ್ತದೆಂದು ಮೊದಲು ಕೆಲವು ರಾತ್ರಿ ಗುರುತಿಸಿಕೊಳ್ಳುವುದು, ಆಮೇಲೆ ಆ ಹೊತ್ತಿಗೆ ಹತ್ತು ಹದಿನೈದು ನಿಮಿಷ ಮೊದಲೇ ಎಬ್ಬಿಸಿ ಸ್ವಲ್ಪ ಹೊತ್ತು ಎಚ್ಚರವಿರಿಸಿ ಮತ್ತೆ ಮಲಗಿಸುವುದು. ವಾರದೊಳಗೆ ಆ ಮಕ್ಕಳ ಚೀರಾಟ ನಿಂತಿತು. ಕೆಲವರಲ್ಲಿ ಮರುಕಳಿಸಿದಾಗ ಅದೇ ಕ್ರಮ ಮತ್ತೆ ಫಲಿಸಿತು. ಚೀರುವಾಗ ಎಬ್ಬಿಸಬಾರದು, ಚೀರುವ ಮೊದಲು ಎಬ್ಬಿಸಬಹುದು ಎಂಬ ಈ ಸೂಕ್ಷ್ಮವೇ ಇದರ ತಿರುಳು. ಆದರೆ ಎಳೆಯ ಮಕ್ಕಳಲ್ಲಿ ನಿದ್ದೆಯ ಒಟ್ಟು ಗಂಟೆಗಳನ್ನು ಮೊದಲು ಸರಿಪಡಿಸಿ, ವೈದ್ಯರ ಸಲಹೆ ಪಡೆದು ಇದಕ್ಕೆ ಕೈಹಾಕುವುದು ಒಳಿತು.

ಔಷಧ ಬೇಕಾಗುವುದು ತೀರ ಅಪರೂಪ. ಶೀತಕ್ಕೆಂದು ತಂದಿಟ್ಟ, ತೂಕಡಿಕೆ ತರುವ ಸಿರಪ್ಪನ್ನು ಮಗು ಸುಮ್ಮನೆ ಮಲಗಲೆಂದು ಕುಡಿಸುವುದು ಅಪಾಯ. ಅಂಥ ಸಿರಪ್ಪುಗಳಲ್ಲಿ ಒಂದಾದ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು.

ನಿವಾಳಿಸುವ ಕೈ, ಸುಡುವ ಕೈ

ಮಗು ಬೆಚ್ಚಿದಾಗ ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ನಿವಾಳಿಸುತ್ತಾಳೆ, ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾಳೆ, ಕೈಗೆ ಬಜೆಯ ಬಳೆ ಕಟ್ಟುತ್ತಾಳೆ. ಸುಶ್ರುತ ಸಂಹಿತೆಯ ಕಾಲದಿಂದಲೂ ನಮ್ಮವರು ಎಳೆಯರ ಇಂಥ ತೊಂದರೆಗಳನ್ನು ಬಾಲಗ್ರಹಗಳೆಂದು ಕರೆದು, ಸ್ಕಂದ, ಶಕುನಿ, ರೇವತಿ, ಪೂತನಾ ಮುಂತಾಗಿ ಒಂಬತ್ತು ಹೆಸರಿಟ್ಟು ವಿಂಗಡಿಸಿದ್ದರು. ಕಾರಣ ತಿಳಿಯದ ಕಾಲದಲ್ಲಿ ಅದು ಅರ್ಥಮಾಡಿಕೊಳ್ಳುವ ಪ್ರಯತ್ನವಾಗಿತ್ತು. ಅಜ್ಜಿಯ ಕೈಯಲ್ಲಿ ಇಂದಿಗೂ ಅದು ಪ್ರೀತಿಯ ಭಾಷೆ. ಅದನ್ನು ಅವಮಾನಿಸುವ ಅಗತ್ಯವಿಲ್ಲ. ನಿದ್ರಾಭೀತಿ ತಾನಾಗಿಯೇ ಹೋಗುವಂಥದ್ದಾದ್ದರಿಂದ ಕೊನೆಗೆ ಕಟ್ಟಿದ ತಾಯತಕ್ಕೆ ಹೆಸರು ಬರುತ್ತದೆ ಎಂಬುದನ್ನು ಮಾತ್ರ ತಿಳಿದಿರೋಣ.

ಆದರೆ ಗೆರೆ ಎಳೆಯಬೇಕಾದ ಜಾಗವೂ ಇದೆ. ಮೆಣಸಿನಕಾಯಿ ಸುಟ್ಟ ಹೊಗೆ ಉಬ್ಬಸದ ಮಗುವಿಗೆ ಕೇಡು. ಕೊರಳಿಗೆ ಬಿಗಿದ ದಾರ ನಿದ್ದೆಯಲ್ಲಿ ಹೊರಳಾಡುವ ಮಗುವಿಗೆ ಉರುಳಾಗಬಹುದು. ಮಂತ್ರಿಸಿದ ಬೂದಿಯನ್ನೋ ಗೊತ್ತಿಲ್ಲದ ಕಷಾಯವನ್ನೋ ಹೊಟ್ಟೆಗೆ ಹಾಕಬಾರದು. ನಮ್ಮ ನಾಡಿನ ಕೆಲವು ಕಡೆ ಎಳೆಯ ಮಕ್ಕಳ ಮೈಮೇಲೆ ಬರೆ ಹಾಕುವ ಕ್ರೌರ್ಯ ಇನ್ನೂ ಉಳಿದಿದೆ. ರಾತ್ರಿ ಚೀರಿದ್ದಕ್ಕೆ ಹಗಲಿನಲ್ಲಿ ಸುಡುವುದು ಯಾವ ದೇವರಿಗೂ ಒಪ್ಪಿಗೆಯಾಗದ ಪಾಪ. ಅಂಥ ಕಡೆ ಮಗುವನ್ನು ಕರೆದೊಯ್ಯುವವರನ್ನು ತಡೆಯುವುದು ನೆರೆಮನೆಯವರ ಕರ್ತವ್ಯವೂ ಹೌದು.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ವೈದ್ಯರು ಕೇಳಿದ ಮೂರನೆಯ ಪ್ರಶ್ನೆ ಗೊರಕೆಯದು. ಮಗು ರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಮಲಗುತ್ತಿದ್ದರೆ, ನಡುನಡುವೆ ಉಸಿರು ನಿಂತಂತಾಗುತ್ತಿದ್ದರೆ ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದ ಅಡೆನಾಯ್ಡ್ ಊದಿರಬಹುದು. ಉಸಿರು ಕಟ್ಟಿದಾಗೆಲ್ಲ ಗಾಢ ನಿದ್ದೆ ಕದಡುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ರಾಭೀತಿ, ನಿದ್ದೆನಡಿಗೆ ಇದ್ದ 84 ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಂಥ ಉಸಿರಾಟದ ತೊಡಕಿತ್ತು. ಅದಕ್ಕೆ ಶಸ್ತ್ರಚಿಕಿತ್ಸೆ ಪಡೆದ 43 ಮಕ್ಕಳಲ್ಲೂ ರಾತ್ರಿಯ ಚೀರಾಟ, ನಡಿಗೆ ನಿಂತುಹೋಯಿತು.

ಕಬ್ಬಿಣಾಂಶದ ಕೊರತೆಯೂ ಗಮನಿಸಬೇಕಾದದ್ದು. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಕೆಲವು ಮಕ್ಕಳಿಗೆ ರಾತ್ರಿ ಕಾಲಿನಲ್ಲಿ ತಡೆಯಲಾರದ ಚಡಪಡಿಕೆ ಶುರುವಾಗಿ ನಿದ್ದೆ ತುಂಡಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೀಗಿರುವಾಗ ಕಾಲು ಒದೆಯುತ್ತ ಹೊರಳಾಡುವ, ಪೇಲವ ಮುಖದ ಮಗುವಿಗೆ ಒಂದು ರಕ್ತಪರೀಕ್ಷೆ ಅತಿಯಾಯಿತೆನ್ನಲಾಗದು.

ಮೂರನೆಯದು ಮೂರ್ಛೆರೋಗ. ಮಿದುಳಿನ ಮುಂಭಾಗದಿಂದ ಹುಟ್ಟುವ ಕೆಲವು ಬಗೆಯ ಫಿಟ್ಸ್ ನಿದ್ದೆಯಲ್ಲಿಯೇ ಬರುತ್ತದೆ, ಮೇಲ್ನೋಟಕ್ಕೆ ನಿದ್ರಾಭೀತಿಯಂತೆಯೇ ಕಾಣುತ್ತದೆ. ಅದು ಬಹುಪಾಲು ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ, ಒಂದೇ ರಾತ್ರಿ ಹಲವು ಸಲ ಬರಬಹುದು, ರಾತ್ರಿಯ ಯಾವ ಜಾವದಲ್ಲೂ ಬರಬಹುದು, ಪ್ರತಿ ಸಲವೂ ಅಚ್ಚೊತ್ತಿದಂತೆ ಅದೇ ಕೈಕಾಲಿನ ಚಲನೆ ಇರುತ್ತದೆ. ಮೈ ಸೆಟೆದುಕೊಳ್ಳುವುದು, ಒಂದು ಬದಿ ಅದುರುವುದು, ಜೊಲ್ಲು ಸುರಿಯುವುದು, ಹಗಲಿನಲ್ಲೂ ಮಗು ಕ್ಷಣಕಾಲ ಕಣ್ಣು ನೆಟ್ಟು ಸ್ತಬ್ಧವಾಗುವುದು ಕಂಡರೆ ತಡಮಾಡಬೇಡಿ. ಫಿಟ್ಸ್ ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ 108ಕ್ಕೆ ಕರೆ ಮಾಡಿ. ಉಳಿದಂತೆ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ವೈದ್ಯರಿಗೆ ನಮ್ಮ ಹತ್ತು ನಿಮಿಷದ ವರ್ಣನೆಗಿಂತ ಉಪಯೋಗಿ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ, ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ಪರೀಕ್ಷೆ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಈ ಸೌಲಭ್ಯಗಳಿವೆ. ಚೀರಾಟ ವಾರದಲ್ಲಿ ಹಲವು ಸಲ ಬಂದು ತಿಂಗಳುಗಟ್ಟಲೆ ನಿಲ್ಲದಿದ್ದರೆ, ಮಗುವಿಗೆ ಪೆಟ್ಟಾಗುತ್ತಿದ್ದರೆ, ಹಗಲೆಲ್ಲ ತೂಕಡಿಸುತ್ತಿದ್ದರೆ ಆಗಲೂ ವೈದ್ಯರನ್ನು ಕಾಣಬೇಕು. ಬಹುಪಾಲು ಮಕ್ಕಳಿಗೆ ಇದಾವುದೂ ಬೇಕಾಗುವುದಿಲ್ಲ.

ತಾಯಿಯ ನಿದ್ದೆಯೂ ನಿದ್ದೆಯೇ

ಮಗು ಮರೆತದ್ದನ್ನು ತಾಯಿ ಮರೆಯಲಾರಳು. ನಾಳೆ ರಾತ್ರಿಯೂ ಹೀಗೆಯೇ ಎಂಬ ಅಂಜಿಕೆಯಲ್ಲಿ ಅವಳು ಹನ್ನೊಂದು ಗಂಟೆಯನ್ನು ಕಾಯುತ್ತ ಕೂರುತ್ತಾಳೆ. ಬೆಳಿಗ್ಗೆ ಅಡುಗೆಮನೆ, ಕಚೇರಿ, ಗದ್ದೆ, ಎಲ್ಲವೂ ಕಾದಿರುತ್ತವೆ. ಅವಳು ಹೈರಾಣಾದ ಮನೆಯಲ್ಲಿ ಮಗುವಿನ ಸಂಜೆ ಶಾಂತವಾಗಿರುವುದು ಸಾಧ್ಯವಿಲ್ಲ. ಆದ್ದರಿಂದ ಪಾಳಿ ಹಂಚಿಕೊಳ್ಳಿ. ಒಂದು ರಾತ್ರಿ ಅಪ್ಪ ಪಕ್ಕದಲ್ಲಿ ಮಲಗಲಿ. ಸಂಜೆ ಏಳೂವರೆಗೆ ಟಿವಿ ಆರಿಸುವ ಜವಾಬ್ದಾರಿ ಅಜ್ಜ ಅಜ್ಜಿಯದಾಗಲಿ. ಮಗುವನ್ನು ಎಲ್ಲಿಗೆ ಕರೆದೊಯ್ದಿದ್ದೆ ಎಂದು ಕೇಳುವ ಬಾಯಿ, ಇವತ್ತು ನೀನು ಮಲಗು, ನಾನು ನೋಡಿಕೊಳ್ಳುತ್ತೇನೆ ಎನ್ನುವುದನ್ನು ಕಲಿಯಲಿ.

ನಮ್ಮ ಕ್ಯಾಲೆಂಡರಿನ ಮುಂದಿನ ತಿಂಗಳ ಹಾಳೆಯಲ್ಲಿ ಪೆನ್ಸಿಲಿನ ಗುರುತುಗಳು ಎರಡೇ ಇವೆ. ಒಂದು, ಜ್ವರ ಬಂದ ದಿನ. ಇನ್ನೊಂದು, ಮದುವೆಮನೆಯಿಂದ ತಡವಾಗಿ ಮರಳಿದ ರಾತ್ರಿ. ಅದರ ಮುಂದಿನ ಹಾಳೆಯಲ್ಲಿ ಹಾಲಿನ ಲೆಕ್ಕ ಮಾತ್ರ ಉಳಿದಿದೆ.

ನಿಮ್ಮ ಮನೆಯಲ್ಲಿ ಇಂದು ರಾತ್ರಿ ಕೂಸು ಚೀರಿ ಎದ್ದರೆ ದೀಪ ಹಾಕಬೇಡಿ, ಅಲುಗಿಸಬೇಡಿ, ಯಾರನ್ನೂ ದೂರಬೇಡಿ. ಪಕ್ಕದಲ್ಲಿ ಕೂತು ಹೊತ್ತು ಬರೆದಿಟ್ಟುಕೊಳ್ಳಿ. ನಾಳೆ ಸಂಜೆ ಅದನ್ನು ಅರ್ಧ ಗಂಟೆ ಬೇಗ ಮಲಗಿಸಿ.